ತಾರಸಿಯ ಮೇಲೆ ಕೂತ ಹುಲಿ

ಇರುವುದನ್ನು ಇರುವಲ್ಲೇ ಬಿಡುವುದು ದೊಡ್ಡ ಗುಣ. ಅದು ನನಗೆ ಹುಟ್ಟಿನಿಂದಲೇ ಬಂದಿಲ್ಲ. ತೊಂಬತ್ತರ ದಶಕದ ಕೊನೆಯಲ್ಲಿ ನಾನು ಜಿಗಣಿಯ ಒಂದು ರಟ್ಟಿನ ಡಬ್ಬಿ ಕಾರ್ಖಾನೆಯಲ್ಲಿ ಡಬ್ಬಿಗಳ ಮೇಲಿನ ಚಿತ್ರ ಮಾಡುವ ಕೆಲಸದಲ್ಲಿದ್ದೆ. ಆಗಷ್ಟೇ ಅಲ್ಲಿಗೆ ಕಂಪ್ಯೂಟರು, ಸ್ಕ್ಯಾನರು ಬಂದಿದ್ದವು. ಒಂದು ಫೋಟೋದಿಂದ ಕತ್ತರಿಸಿ ಇನ್ನೊಂದಕ್ಕೆ ಅಂಟಿಸಬಹುದು ಎಂದು ಗೊತ್ತಾದದ್ದೇ ತಡ, ಮಂಗನ ಕೈಗೆ ಮಾಣಿಕ್ಯ ಕೊಟ್ಟ ಹಾಗಾಯಿತು. ಊಟದ ಬಿಡುವಿನಲ್ಲೆಲ್ಲ ಕಾಡುಪ್ರಾಣಿಗಳಿಗೆ ವರ್ಗಾವಣೆ ಕೊಡತೊಡಗಿದೆ. ಬಸ್‌ಸ್ಟಾಪಿನ ಸಾಲಿನಲ್ಲಿ ಆನೆ, ಕಲ್ಲು ಕ್ವಾರಿಯ ನೀರಿನಲ್ಲಿ ನೀರಾನೆ, ಮ್ಯಾನೇಜರ ಕಿಟಕಿಯಲ್ಲಿ ಇಣುಕುವ ಜಿರಾಫೆ. ಅದನ್ನು ನೋಡಿದ ಮ್ಯಾನೇಜರು, ಈ ಕಾರ್ಖಾನೆಯ ಕೆಲಸದ ಬಗ್ಗೆ ಜಿರಾಫೆಗಾದರೂ ಆಸಕ್ತಿಯಿದೆಯಲ್ಲ ಎಂದರು.

ನಾವು ಬಾಡಿಗೆಗಿದ್ದದ್ದು ಮಾದಮ್ಮ ಎಂಬ ಅಜ್ಜಿಯ ಮನೆಯಲ್ಲಿ. ತಮ್ಮ ರಾಗಿ ಹೊಲದಲ್ಲೇ ಮನೆ ಕಟ್ಟಿಸಿ, ಮೇಲೆ ನಮ್ಮನ್ನಿಟ್ಟು, ಕೆಳಗೆ ತಾವಿದ್ದರು. ಹುಲಿಯೇರಿ ಬರುವ ಮಾದಪ್ಪ ಅವರ ಮನೆದೇವರು. ಇದು ನನಗೆ ಗೊತ್ತಿತ್ತು, ಆದರೆ ಗೊತ್ತಿರುವುದು ಬೇಕಾದಾಗ ನೆನಪಾಗುವ ತಲೆಯಲ್ಲ ನನ್ನದು. ಬನ್ನೇರುಘಟ್ಟದಲ್ಲಿ ನಾನೇ ಫೋಟೋ ತೆಗೆದ ಹುಲಿಯೊಂದನ್ನು ನಮ್ಮ ತಾರಸಿಯ ನೀರಿನ ಟ್ಯಾಂಕಿನ ಪಕ್ಕ ಕೂರಿಸಿ, ಮುದ್ರಿಸಿ ಮನೆಗೆ ತಂದೆ. ಹೆಂಡತಿ ಗಿರಿಜಾ ಮಗುವನ್ನು ಎತ್ತಿಕೊಂಡೇ ಒಮ್ಮೆ ನೋಡಿ, ಟ್ಯಾಂಕಿಗೆ ನೆರಳಿದೆ, ಹುಲಿಗೇಕಿಲ್ಲ ಎಂದು ಕೇಳಿದಳು. ದಾವಣಗೆರೆಯವಳು, ಮಾತು ಅಲ್ಲಿಯ ಮೆಣಸಿನಕಾಯಿಯಷ್ಟೇ ಖಾರ. ನೆರಳು ಹಾಕುವುದನ್ನು ನಾನು ಮರೆತಿದ್ದೆ. ತಪ್ಪನ್ನು ತಿದ್ದುವ ಬದಲು ಸಿಟ್ಟಿನಿಂದ ಚಿತ್ರವನ್ನು ಹೊರಬಾಗಿಲ ಪಕ್ಕದಲ್ಲೇ ತೂಗುಹಾಕಿದೆ.

ಮರುದಿನ ಮೋಟರ್ ಹಾಕಿದ್ದೇನೆ, ನೀರು ಹಿಡಿದುಕೊಳ್ಳಿ ಎನ್ನಲು ಬಂದ ಅಜ್ಜಿ ಚಿತ್ರದ ಮುಂದೆ ಕೈಮುಗಿದು ನಿಂತುಬಿಟ್ಟರು. ನೆರಳಿಲ್ಲದ ಹುಲಿ ಯಾರ ಹುಲಿಯೆಂದು ಅವರಿಗೆ ಯಾರೂ ಹೇಳಬೇಕಾಗಿರಲಿಲ್ಲ. ಸಂಜೆಯೊಳಗೆ ಟ್ಯಾಂಕಿನ ಪಕ್ಕ ಸಾರಿಸಿ ರಂಗೋಲಿ ಬಿಟ್ಟಾಗಿತ್ತು. ಬಟ್ಟೆ ಒಣಹಾಕುವ ಹಗ್ಗ ಬಿಚ್ಚಿಸಿಕೊಂಡು ನಮ್ಮ ಬಾಗಿಲಿಗೆ ಬಂದಿತ್ತು. ಇನ್ನು ತಾರಸಿಗೆ ಚಪ್ಪಲಿಯೂ ಇಲ್ಲ, ಒದ್ದೆ ಬಟ್ಟೆಯೂ ಇಲ್ಲ ಎಂದು ಅಪ್ಪಣೆಯಾಯಿತು. ಮಳೆಗಾಲ, ಹಾಲು ಕುಡಿಯುವ ಕೂಸು, ಗಂಟೆಗೊಂದು ಒದ್ದೆ ಬಟ್ಟೆ. ಎರಡೇ ದಿನದಲ್ಲಿ ಮನೆ ಯಾವ ವಾಸನೆ ಹೊಡೆಯಿತೆಂದು ಮಕ್ಕಳಿರುವವರಿಗೆ ಹೇಳಬೇಕಿಲ್ಲ. ಹುಲಿಯಾದರೂ ಇಳಿಯಬೇಕು, ಇಲ್ಲವೆ ತಾನು ಕೂಸನ್ನೆತ್ತಿಕೊಂಡು ತವರಿಗೆ ಹೋಗುವುದಾಗಿ ಗಿರಿಜಾ ಹೇಳಿದಳು. ನನಗೆ ನಿಜವಾಗಿಯೂ ಭಯವಾಯಿತು. ಅವಳು ಹೇಳಿದರೆ ಮಾಡುವವಳು.

ಕೆಳಗೆ ಹೋಗಿ ಒಪ್ಪಿಕೊಂಡೆ. "ಅಜ್ಜಿ, ಹುಲಿಗಿಲಿ ಯಾವ್ದೂ ಬಂದಿಲ್ಲ. ನಾನೇ ಕಂಪ್ಯೂಟರಲ್ಲಿ ಕೂರ್ಸಿದ್ದು."

ಅಜ್ಜಿ ಎಲೆಗೆ ಸುಣ್ಣ ಹಚ್ಚುತ್ತ ಹೇಳಿದರು: "ಕೂರ್ಸಿದ್ದು ನೀನೇ ಕಣಪ್ಪ, ಯಾರಿಲ್ಲ ಅಂದೋರು? ಗುಡಿ ಒಳ್ಗೆ ಕಲ್ಲು ಕೂರ್ಸೋನೂ ಮನುಸನೇ ಅಲ್ವಾ?"

ಸೋತು ಮೇಲೆ ಬಂದೆ. ದಾರಿ ತೋರಿಸಿದವಳು ಗಿರಿಜಾ. "ಹುಲಿ ಇಳಿಸೋದು ಬ್ಯಾಡ್ರೀ. ಬಟ್ಟೆ ಹಾಕಿದ ಹಗ್ಗದ ಕೆಳಗೇ ಅದನ್ನ ಕೂರಿಸ್ರಿ. ಅದಕ್ಕೇ ಬೇಜಾರಿಲ್ಲ ಅಂದಮ್ಯಾಲೆ ಅಜ್ಜಿಗೇನು? ನೆರಳು ಮಾತ್ರ ಹಾಕಬ್ಯಾಡ್ರಿ." ಮನೆಯೊಳಗೆ ತೂಗುತ್ತಿದ್ದ ಬಟ್ಟೆಗಳನ್ನೇ ಫೋಟೋ ತೆಗೆದು, ಕೂಸಿನ ಬಟ್ಟೆ, ನನ್ನ ಬನೀನು ಎಲ್ಲವನ್ನೂ ಹಗ್ಗಸಮೇತ ಚಿತ್ರದ ತಾರಸಿಗೆ ಸಾಗಿಸಿದೆ. ಕೆಳಗೆ ಹುಲಿ ಹಾಯಾಗಿ ಕೂತಿತ್ತು.

ಅಜ್ಜಿ ಹೊಸ ಚಿತ್ರವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ಅವನ ಹುಲಿಗೇ ಬ್ಯಾಸರಿಲ್ಲ, ಬ್ಯಾಡ ಅನ್ನಾಕೆ ನಾನ್ಯಾರು? ಹಗ್ಗ ಕಟ್ಕಳ್ಳಿ," ಎಂದರು. ಒದ್ದೆ ಬಟ್ಟೆಯ ಬಕೆಟ್ಟಿನ ಸಮೇತವೇ ಕೆಳಗೆ ಬಂದಿದ್ದ ಗಿರಿಜಾ ಅಲ್ಲಿಂದಲೇ ಮೆಟ್ಟಿಲು ಹತ್ತಿದಳು. ನಾನೂ ಎದ್ದೆ. ಅಷ್ಟರಲ್ಲಿ ಅಜ್ಜಿಯ ಬೆರಳು ಚಿತ್ರದ ಒಂದು ಕಡೆ ನಿಂತಿತು. ನೆರಳು ಬೀಳಬಾರದೆಂಬ ಗಡಿಬಿಡಿಯಲ್ಲಿ ಬನೀನನ್ನು ಸ್ವಲ್ಪ ಕೆಳಗೇ ಅಂಟಿಸಿಬಿಟ್ಟಿದ್ದೆ. ಅದರ ಅಂಚು ಹುಲಿಯ ಬೆನ್ನ ಮೇಲೆ ಶಾಲಿನ ಹಾಗೆ ಬಿದ್ದಿತ್ತು.

ಹುಲಿ ಹೊದ್ದ ಬಟ್ಟೆಯೆಂದು ಅಜ್ಜಿ ಇಸಿದುಕೊಂಡ ಆ ಬನೀನು ನನಗೆ ವಾಪಸು ಸಿಗಲಿಲ್ಲ. ನಾಲ್ಕು ಮೂಲೆಗೂ ಅರಿಶಿನ ಹಚ್ಚಿಸಿಕೊಂಡು ಅಜ್ಜಿಯ ದೇವರ ಗೂಡು ಸೇರಿತು. ನಾವು ಆ ಮನೆ ಬಿಡುವವರೆಗೂ ಸೋಮವಾರ ಸೋಮವಾರ ಅದಕ್ಕೆ ಮಂಗಳಾರತಿಯಾಗುತ್ತಿತ್ತು, ಗಿರಿಜಾ ಕೂಡ ಇಳಿದುಹೋಗಿ ಭಕ್ತಿಯಿಂದ ಕೈಮುಗಿದು ಬರುತ್ತಿದ್ದಳು. ಅದರೊಳಗೆ ನಾನಿದ್ದಾಗ ಒಂದು ದಿನವಾದರೂ ಕೈಮುಗಿದವಳಲ್ಲ.