ಬೀಗರಿಗಾಗಿ ಇಟ್ಟುಕೊಂಡಿದ್ದ ಸಿನಿಮಾ

ಮನೆಯಲ್ಲಿರುವ ವಸ್ತುಗಳಲ್ಲಿ ಯಾವುದು ತನ್ನದು, ಯಾವುದು ತನ್ನದಲ್ಲ ಎಂಬುದು ಮದುವೆಯಾದ ಗಂಡಸಿಗೆ ಬೇಗನೆ ತಿಳಿದುಬಿಡುತ್ತದೆ. ಸೋಫಾದಲ್ಲಿ ಒಂದು ಮೂಲೆ, ಗೋಡೆಯಲ್ಲಿ ಅಂಗಿ ತೂಗುಹಾಕಲು ಒಂದು ಮೊಳೆ, ಇಷ್ಟು ನನ್ನ ಪಾಲಿನದು. ಇವುಗಳ ಜೊತೆಗೆ ಟಿವಿಯೊಳಗಿನ ಒಂದು ಸಿನಿಮಾ ಕೂಡ ನನ್ನದೇ ಎಂದು ನಾನು ಬಹಳ ಕಾಲ ನಂಬಿಕೊಂಡಿದ್ದೆ. ಸಿನಿಮಾ ತೋರಿಸುವ ಆ್ಯಪ್‌ಗೆ ಚಂದಾ ಕಟ್ಟುವವನು ನಾನು, ಹೃದಯದ ಗುರುತು ಒತ್ತಿ ಅದನ್ನು 'ನನ್ನ ಮೆಚ್ಚಿನವು' ಎಂಬಲ್ಲಿಗೆ ಸೇರಿಸಿದವನೂ ನಾನು. 'ನನ್ನ' ಎಂದು ಆ್ಯಪಿನವರೇ ಬರೆದುಕೊಟ್ಟ ಮೇಲೆ ಅನುಮಾನ ಪಡುವುದಾದರೂ ಹೇಗೆ? ಮಕ್ಕಳಿಗೆ ಲೆಕ್ಕ ಹೇಳಿಕೊಡುವ ಮೇಷ್ಟ್ರಾಗಿದ್ದೂ ಇಷ್ಟು ಸುಲಭವಾಗಿ ಮೋಸಹೋದೆನಲ್ಲ ಎಂದು ಈಗ ಅನ್ನಿಸುತ್ತದೆ.

ಸಿನಿಮಾದ ಹೆಸರು ಹೇಳುವುದಿಲ್ಲ. ಹೇಳಿದರೆ 'ಅಯ್ಯೋ, ಅದಾ?' ಎಂದು ನೀವು ಮೂಗು ಮುರಿಯಬಹುದು. ಹಳೆಯ ಹಾಸ್ಯಚಿತ್ರ. ನಾಯಕನ ಸೋದರಮಾವ ಹೆಣ್ಣಿನ ಕಡೆಯವರಿಗೆ ಹೆದರಿ ಕೊಟ್ಟಿಗೆಯಲ್ಲಿ ಅಡಗಿಕೊಂಡು, ಅಲ್ಲಿದ್ದ ಎಮ್ಮೆಯ ಹತ್ತಿರ ತನ್ನ ಕಷ್ಟವನ್ನೆಲ್ಲ ತೋಡಿಕೊಳ್ಳುವ ದೃಶ್ಯ ಬಂದಾಗ ನಾನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಎಮ್ಮೆ ಸರಿಯಾದ ಹೊತ್ತಿಗೆ ತಲೆಯಾಡಿಸುತ್ತದೆ. ಆ ಎಮ್ಮೆಯ ಮಟ್ಟಕ್ಕೆ ನಟಿಸುವವರು ಈಗ ಯಾರಿದ್ದಾರೆ ಎಂದು ಸ್ಟಾಫ್ ರೂಮಿನಲ್ಲಿ ಎಷ್ಟೋ ಸಲ ಕೇಳಿದ್ದೇನೆ. ನನ್ನ ಹೆಂಡತಿ ಸರೋಜ ಸಿನಿಮಾ ನೋಡದೆಯೇ ಅದರ ಪ್ರಯೋಜನ ಪಡೆದವಳು. ಒಳಗಿನಿಂದಲೇ "ಎಮ್ಮೆ ಬಂತೇನ್ರೀ?" ಎಂದು ಕೇಳಿ, ಬಂತು ಎಂದರೆ ಬೇಳೆ ಬೆಂದಿದೆ ಎಂದು ಕುಕ್ಕರ್ ಇಳಿಸುತ್ತಿದ್ದಳು.

ಇದು ಬರೀ ನನ್ನ ಖುಷಿಯ ಸಂಗತಿಯಾಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ಮಗಳು ಪವಿತ್ರಳನ್ನು ಶ್ರೀರಾಂಪುರಕ್ಕೆ ಕೊಟ್ಟಿದ್ದೇವೆ. ಅವಳ ಮಾವ ತಿಪ್ಪೇಸ್ವಾಮಪ್ಪನವರು ತೆಂಗಿನ ತೋಟ ನೋಡಿಕೊಂಡಿರುವ ಗಂಭೀರ ಮನುಷ್ಯ. ಮದುವೆಯ ದಿನ ಗಡಿಬಿಡಿಯಲ್ಲಿ ನಮ್ಮ ಕಡೆಯವರೇ ಮೊದಲ ಪಂಕ್ತಿಯಲ್ಲಿ ಕುಳಿತುಬಿಟ್ಟರು. ಗಂಡಿನ ತಂದೆ ಎರಡನೆಯ ಪಂಕ್ತಿಗೆ ಕಾಯಬೇಕಾಯಿತು. ಅವರು ಒಂದು ಮಾತೂ ಆಡಲಿಲ್ಲ. ದವಡೆ ಬಿಗಿಹಿಡಿದು ಒಂದು ಕಡೆ ಕುಳಿತಿದ್ದರು. ಕೋಪ ಬಂದಿದೆ ಎಂದುಕೊಂಡು ನಾನು ಮತ್ತೆ ಮತ್ತೆ ಹೋಗಿ ಮಾತಾಡಿಸಿದೆ. ಆಮೇಲೆ ಭಾನುವಾರಗಳಂದು ನಮ್ಮೂರು ಹೊಸದುರ್ಗಕ್ಕೆ ಬಂದಾಗ ನಮ್ಮ ಮನೆಗೂ ಬಂದು ಹೋಗುತ್ತಿದ್ದರು. "ಬಸ್ಸು ಸಿಕ್ತಾ ಬೀಗ್ರೇ?" "ಸಿಕ್ತು." "ಮಳೆ?" "ಇಲ್ಲ." ಅಲ್ಲಿಗೆ ಮಾತು ಮುಗಿಯುತ್ತಿತ್ತು. ಉಳಿದ ಹೊತ್ತೆಲ್ಲ ಇಬ್ಬರೂ ಫ್ಯಾನು ತಿರುಗುವುದನ್ನು ನೋಡುತ್ತಿದ್ದೆವು.

ಒಂದು ದಿನ ಪವಿತ್ರ ಫೋನು ಮಾಡಿದಳು. "ಅಪ್ಪಾ, ಮಾವ ಬಂದಾಗ ಒಂಚೂರು ಚೆನ್ನಾಗಿ ಮಾತಾಡ್ಸು. ಇಲ್ಲಿ ಅತ್ತೆ, ಬೀಗ್ರು ಏನಂದ್ರು ಅಂತ ಕೇಳ್ತಾರೆ. ಮಾವ, ಏನೂ ಅನ್ಲಿಲ್ಲ ಅಂತಾರೆ. ಆಮೇಲೆ ಅತ್ತೆ ನನ್ ಮುಖ ನೋಡ್ತಾರೆ. ನನಗೆ ಹೆಂಗಾಗ್ಬೇಕು ಹೇಳು?" ಮುಂದಿನ ಸಲ ಬೀಗರು ಬಂದಾಗ, ಬೇರೇನೂ ತೋಚದೆ, ಆ ಸಿನಿಮಾ ಹಾಕಿದೆ. ಎಮ್ಮೆ ತಲೆಯಾಡಿಸಿತು, ನಾನು ನಕ್ಕೆ, ಬೀಗರೂ ನಕ್ಕರು! ಸಂಜೆ ಮಗಳ ಫೋನು: "ಮಾವ, ಚೆನ್ನಾಗಿ ನೋಡ್ಕಂಡ್ರು ಅಂತಿದ್ರು ಕಣಪ್ಪ." ಅಂದಿನಿಂದ ಬೀಗರು ಬಂದು ಚಪ್ಪಲಿ ಬಿಡುತ್ತಿದ್ದಂತೆ ನನ್ನ ಕೈ ರಿಮೋಟಿಗೆ ಹೋಗುತ್ತಿತ್ತು. ಮಗಳ ಸಂಸಾರದ ನೆಮ್ಮದಿಯನ್ನು ಒಂದು ಎಮ್ಮೆಗೆ ವಹಿಸಿ ನಾನು ನಿಶ್ಚಿಂತನಾಗಿದ್ದೆ.

ಹೀಗಿರುವಾಗ ಒಂದು ದಿನ ಸಿನಿಮಾದ ಚಿತ್ರದ ಕೆಳಗೆ ಸಣ್ಣ ಅಕ್ಷರದಲ್ಲಿ, ಇದು ತಿಂಗಳ ಕೊನೆಯವರೆಗೆ ಮಾತ್ರ ಲಭ್ಯ ಎಂಬ ಸಾಲು ಕಾಣಿಸಿಕೊಂಡಿತು. ನಾವು ಹುಡುಗರಾಗಿದ್ದಾಗಲೂ ಸಿನಿಮಾಗಳು ಹೋಗುತ್ತಿದ್ದವು, ಇಲ್ಲವೆನ್ನುವುದಿಲ್ಲ. ಆದರೆ ಹೋಗುವುದಕ್ಕೂ ಒಂದು ಊರು ಇರುತ್ತಿತ್ತು. ಹೊಸದುರ್ಗದ ಟಾಕೀಸಿನಿಂದ ಎತ್ತಿದರೆ ಹೊಳಲ್ಕೆರೆಗೆ ಹೋಗುತ್ತಿತ್ತು. ಅಲ್ಲಿ ತಪ್ಪಿಸಿಕೊಂಡರೆ ಹಿರಿಯೂರಿನಲ್ಲಿ ಹಿಡಿಯಬಹುದಿತ್ತು. ಬಸ್ಸು ಹತ್ತುವಷ್ಟು ಪ್ರೀತಿ ಇದ್ದವನಿಗೆ ಸಿನಿಮಾ ಸಿಕ್ಕೇ ಸಿಗುತ್ತಿತ್ತು. ಈಗ ಯಾವ ಬಸ್ಸು ಹತ್ತಬೇಕು? ಮೊಬೈಲ್ ಅಂಗಡಿಯ ಮಂಜಣ್ಣನನ್ನು ಕೇಳಿದೆ. "ಅವ್ರಿಗೆ ತೋರ್ಸೋ ಹಕ್ಕು ಮುಗಿದೈತೆ ಸಾರ್. ಮತ್ತೆ ಕೊಂಡ್ಕಂಡ್ರೆ ಬರುತ್ತೆ, ಇಲ್ದಿದ್ರೆ ಇಲ್ಲ. ಬೇರೆ ಸಿನಿಮಾ ಬೇಕಾದಷ್ಟು ಅವೆ, ನೋಡ್ರಿ" ಎಂದ. ಬೀಗರನ್ನು ಬದಲಾಯಿಸಲು ಬರುವುದಿಲ್ಲ ಎಂದು ಅವನಿಗೆ ಹೇಗೆ ವಿವರಿಸಲಿ? ಹುಡುಕಿ ಹುಡುಕಿ ಕೊನೆಗೆ ಸಿಕ್ಕಿದ್ದು ತೆಲುಗಿಗೆ ಡಬ್ ಆದ ಪ್ರತಿ. ಅದರಲ್ಲಿ ಎಮ್ಮೆಯೊಂದೇ ಕನ್ನಡದಲ್ಲಿತ್ತು.

ತಿಂಗಳು ಮುಗಿಯಿತು. ಸಿನಿಮಾ ಹೋಯಿತು. ಭಾನುವಾರ ಮಾತ್ರ ತಪ್ಪದೆ ಬಂತು, ಬೀಗರೂ ಬಂದರು. "ಬರ್ರಿ, ಕುಂತ್ಕಳ್ರಿ" ಎಂದೆ. ಕುಳಿತರು. ಬಸ್ಸು ಸಿಕ್ಕಿತ್ತು, ಮಳೆ ಇರಲಿಲ್ಲ. ಸರೋಜ ಮಂಡಕ್ಕಿ, ಮೆಣಸಿನಕಾಯಿ ತಂದಿಟ್ಟಳು. ಬೀಗರು ಒಮ್ಮೆ ಟಿವಿಯ ಕಡೆ ನೋಡಿದರು, ಒಮ್ಮೆ ನನ್ನ ಕಡೆ ನೋಡಿದರು.

"ಯಾಕ್ ಬೀಗ್ರೇ, ಇವತ್ತು ಸಿನಿಮಾ ಹಾಕ್ಲಿಲ್ಲ?"

"ಅದು ಹೋಯ್ತು ಬೀಗ್ರೇ. ತೆಗೆದುಬಿಟ್ಟಿದ್ದಾರೆ" ಎಂದೆ. ಸಾವಿನ ಸುದ್ದಿ ಹೇಳುವವನ ಧ್ವನಿ ನನ್ನದು.

"ಹೋತಾ? ಪೂರಾ ಹೋತಾ?"

"ಪೂರಾ."

"ತಿರುಗಿ ಬರಲ್ವಾ?"

"ಬರಬಹುದು, ಹೇಳೋಕಾಗಲ್ಲ. ನೀವು ಬೇಜಾರು ಮಾಡ್ಕೋಬೇಡಿ, ನಾನು ಹೇಗಾದರೂ ಮಾಡಿ..."

"ಬ್ಯಾಡ, ಬ್ಯಾಡ! ಏನೂ ಮಾಡಕ್ ಹೋಗ್ಬ್ಯಾಡ್ರಿ!" ಎಂದು ಬೀಗರು ಎರಡೂ ಕೈ ಎತ್ತಿಬಿಟ್ಟರು. ಅಷ್ಟು ಜೋರಾಗಿ ಅವರು ಮಾತಾಡಿದ್ದನ್ನು ನಾನು ಕೇಳಿರಲೇ ಇಲ್ಲ. ಆಮೇಲೆ ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡು, ದೊಡ್ಡದೊಂದು ಉಸಿರು ಬಿಟ್ಟು, ಸಣ್ಣಗೆ ನಗಲು ಶುರುಮಾಡಿದರು. "ಬೀಗ್ರೇ, ತಪ್ಪು ತಿಳ್ಕಬ್ಯಾಡ್ರಿ. ನಿಮಗೆ ಅದರ ಮ್ಯಾಲೆ ಪ್ರಾಣ ಅಂತ ನಾನು ಕುಂತು ನೋಡ್ತಿದ್ದೆ. ಬೀಗ್ರ ಮನೇಲಿ ಎಲೆಗೆ ಹಾಕಿದ್ದು ಉಣ್ಣಬೇಕು, ಟೀವಿಗೆ ಹಾಕಿದ್ದು ನೋಡಬೇಕು. ಬ್ಯಾಡ ಅಂದ್ರೆ ಮರ್ಯಾದೆ ಆಗ್ತದಾ?"

"ಮತ್ತೆ ನಗ್ತಿದ್ದಿರಲ್ಲ!"

"ನೀವು ನಕ್ಕಾಗ ನಾನು ಸುಮ್ಕೆ ಕುಂತ್ರೆ ಹೆಂಗ್ರಿ?"

ಅಡುಗೆಮನೆಯಲ್ಲಿ ಪಾತ್ರೆಯೊಂದು ಬಿತ್ತು. ಸರೋಜ ಸೆರಗು ಬಾಯಿಗೆ ಅಡ್ಡ ಹಿಡಿದು ನಗುತ್ತಿದ್ದಳು. ಒಂದು ಕ್ಷಣ ನನಗೆ ಅವಮಾನವಾಯಿತು. ಮರುಕ್ಷಣವೇ ಬೆನ್ನಿನ ಮೇಲಿದ್ದ ಮೂಟೆಯನ್ನು ಯಾರೋ ಇಳಿಸಿದ ಹಾಗೆ ಹಗುರವಾಯಿತು. ಧೈರ್ಯ ಬಂದದ್ದೇ, ಮದುವೆಯ ದಿನ ಪಂಕ್ತಿಗೆ ಕಾಯಿಸಿದ ವಿಷಯವನ್ನೂ ಎತ್ತಿಬಿಟ್ಟೆ. ಬೀಗರು ಹುಬ್ಬು ಮೇಲೇರಿಸಿದರು. "ಯಾವ ಪಂಕ್ತಿ? ಅವತ್ತು ನನಗೆ ದವಡೆ ಹಲ್ಲು ನೋವು ಬಂದು ಪ್ರಾಣ ಹೋಗ್ತಿತ್ತು ಕಣ್ರಿ. ಊಟ ತಡ ಆಗಿದ್ದೇ ಚಲೋ ಆತು. ನೀವು ಬಂದು ಬಂದು ಮಾತಾಡಿಸ್ತಿದ್ರಿ, ನನಗೆ ಬಾಯಿ ತೆಗೆಯಾಕೇ ಆಗ್ತಿರಲಿಲ್ಲ!"

ನಾನು ಜೋರಾಗಿ ನಕ್ಕೆ. ಎಮ್ಮೆಯನ್ನು ಕಂಡಾಗಲೂ ಅಷ್ಟು ನಕ್ಕಿರಲಿಲ್ಲ. ಆಮೇಲೆ ಹಲ್ಲಿನ ಮಾತು, ತೆಂಗಿನ ಮಾತು, ಬಾಗೂರಿನ ಅವರ ಷಡ್ಡಕರ ಮಾತು, ಒಂದರ ಹಿಂದೊಂದು ಹೊರಟವು. ಇಷ್ಟು ಮಾತನ್ನು ಈ ಮನುಷ್ಯ ಎಲ್ಲಿ ಇಟ್ಟುಕೊಂಡಿದ್ದರೋ! ಅವರು ಎರಡನೆಯ ಸಲ ಕಾಫಿ ಕೇಳಿ ಕುಡಿದರು. ನಮ್ಮ ಮನೆಯಲ್ಲಿ ಅವರು ಬಾಯಿಬಿಟ್ಟು ಏನನ್ನಾದರೂ ಕೇಳಿದ್ದು ಅದೇ ಮೊದಲು.

ಆದರೂ ನನ್ನ ಸಿನಿಮಾಕ್ಕೆ ಆದ ಅನ್ಯಾಯ ಮನಸ್ಸಿನಲ್ಲಿ ಕುಟುಕುತ್ತಲೇ ಇತ್ತು. "ಅದೇನೇ ಇರಲಿ ಬೀಗ್ರೇ, ಅಂಥ ನಗಿಸೋ ಚಿತ್ರ ಇನ್ನೊಂದಿಲ್ಲ" ಎಂದೆ.

"ನಗ್ಸೋದಾ?" ಬೀಗರು ಲೋಟ ಕೆಳಗಿಟ್ಟರು. "ಎಮ್ಮೆ ಹೋದಮ್ಯಾಲೆ ನಗೋದು ಎಲ್ಲೈತೆ ಅದ್ರಾಗೆ? ಬರೀ ಅಳೋದೇ. ಓ, ನಿಮಗೆ ಹೆಂಗೆ ಗೊತ್ತಾಗಬೇಕು? ಇಂಟರ್ವಲ್ ಬರೋದೇ ತಡ, ನೀವು ಗೊರಕೆ ಹೊಡೀತಿದ್ರಿ. ಎಬ್ಬಿಸಾಕೆ ಸಂಕೋಚ, ಬೀಗ್ರ ಮನೆ ಟೀವಿ ಆರ್ಸಾಕೂ ಸಂಕೋಚ. ನಾನೊಬ್ಬನೇ ಕುಂತು ಕೊನೇತನಕ ನೋಡ್ತಿದ್ದೆ."

ನಾನು ಸರೋಜಳ ಕಡೆ ತಿರುಗಿದೆ. ಅವಳು ಹೌದೆಂದು ತಲೆಯಾಡಿಸಿದಳು. ಇನ್ನು ವಾದಿಸಿ ಪ್ರಯೋಜನವಿರಲಿಲ್ಲ. ಗಂಟಲು ಸರಿಮಾಡಿಕೊಂಡು, "ಹಾಗಾದ್ರೆ ಕೊನೆಗೆ ಏನಾಗುತ್ತೆ ಬೀಗ್ರೇ?" ಎಂದು ಕೇಳಿದೆ.

ಬೀಗರು ಕಾಲು ಮಡಚಿ ಸೋಫಾದ ಮೇಲೆ ಕುಳಿತರು. ಸೋದರಮಾವ ಮನೆ ಬಿಟ್ಟು ಹೋಗುವುದು, ಅಕ್ಕ ಅವನನ್ನು ಹುಡುಕಿಕೊಂಡು ಊರೂರು ತಿರುಗುವುದು, ಕಡೆಗೆ ಎಲ್ಲರೂ ಸಾಲಾಗಿ ನಿಂತು ಒಬ್ಬರ ಕಾಲಿಗೊಬ್ಬರು ಬೀಳುವುದು, ಒಂದು ಮಾತೂ ಬಿಡದೆ ವಿವರವಾಗಿ ಹೇಳಿದರು. ನಾನು ಕಣ್ಣು ಪಿಳುಕಿಸದೆ ಕೇಳಿದೆ. ನನ್ನ ಅತ್ಯಂತ ಮೆಚ್ಚಿನ ಸಿನಿಮಾದ ಕಥೆ ನನಗೆ ಪೂರ್ತಿ ತಿಳಿದದ್ದು ಅವತ್ತು. ನಿಜ ಹೇಳಬೇಕೆಂದರೆ, ನನಗೆ ಅಷ್ಟೇನೂ ಹಿಡಿಸಲಿಲ್ಲ.