ಕಳೆದುಹೋದ ಪುಸ್ತಕಕ್ಕೆ ಪೇಢೆ

ಬಬಲೇಶ್ವರ ದಾಟಿ ಒಳರಸ್ತೆ ಹಿಡಿದರೆ ಒಂದು ಊರು ಸಿಗುತ್ತದೆ. ಆ ಊರಿನ ಸಾಲೆಯ ವರಾಂಡದಲ್ಲಿ, ಆಫೀಸು ಕೋಣೆಯ ಬಾಗಿಲಿಗೆ ಎದುರಾದ ಕಂಬಕ್ಕೆ ಒರಗಿ ನಾನು ನಿಂತಿದ್ದೆ. ಸೋಮವಾರ, ಮಧ್ಯಾಹ್ನದ ಊಟದ ಹೊತ್ತು. ಮಕ್ಕಳು ತಾಟು ಹಿಡಿದು ಸಾಲಾಗಿ ಕೂತಿದ್ದರು. ಹೆಡ್‌ಮಾಸ್ತರರು ಸಾರಿನ ರುಚಿ ನೋಡಲು ಅಡುಗೆ ಕೋಣೆಗೆ ಹೋಗಿದ್ದರು. ನನ್ನ ಕಣ್ಣಿಗೂ ಆಫೀಸಿನೊಳಗಿನ ಪುಸ್ತಕದ ಕಪಾಟಿಗೂ ನಡುವೆ ಏನೂ ಅಡ್ಡ ಇರಲಿಲ್ಲ. ಆದ್ದರಿಂದ ಖಚಿತವಾಗಿ ಹೇಳಬಲ್ಲೆ: ನಮ್ಮ ಮಾಮಾ ಕಳ್ಳ!

ಏನು ಕದ್ದ? ಬೀಗ, ನಮ್ಮ ಕಡೆಯ ಮಾತಿನಲ್ಲಿ ಕೀಲಿ. ಒಳಗಿನ ವಸ್ತುವಿಗಾಗಿ ಬೀಗ ಒಡೆಯುವವರ ಸುದ್ದಿ ನೀವು ಕೇಳಿರಬಹುದು. ಒಳಗಿನದನ್ನೆಲ್ಲ ಹಾಗೇ ಬಿಟ್ಟು ಬೀಗವನ್ನಷ್ಟೇ ಕದ್ದವನನ್ನು ಕಂಡಿದ್ದೀರಾ? ಒಡೆದ ಎನ್ನುವುದೂ ತಪ್ಪಾಗುತ್ತದೆ. ನೆಹರು ಶರ್ಟಿನ ಕಿಸೆಯಿಂದ ಕೀಲಿಕೈಗಳ ಗೊಂಚಲು ತೆಗೆದ, ಒಂದೊಂದಾಗಿ ಹಾಕಿ ನೋಡಿದ, ಯಾವುದೋ ಒಂದು ಹತ್ತಿತು. ಬೀಗವನ್ನು ಕಿಸೆಗೆ ಇಳಿಬಿಟ್ಟು, ಕಪಾಟಿನ ಎರಡೂ ಬಾಗಿಲು ಅಗಲಕ್ಕೆ ತೆರೆದು, ಏನೂ ಆಗದವನಂತೆ ಕುರ್ಚಿಯ ಮೇಲೆ ಕೂತ.

ಹೆಡ್‌ಮಾಸ್ತರರು ಮರಳಿ ಬಂದರು. ಕಪಾಟು ನೋಡಿದರು. ಮಾಮಾನನ್ನು ನೋಡಿದರು.

"ಸಾವಕಾರ್ರ, ಕೀಲಿ ಎಲ್ಲಿ ಹೋತ್ರಿ?"

"ನನ್ನ ಕಿಸೆದಾಗ ಐತಿ."

"ಅಯ್ಯ, ಅದು ಸಾಲಿ ಕೀಲಿ ರೀ!"

"ನನ್ನ ಅಂಗಡೀದು. ನೀವ ಬಂದು ಒಯ್ದೀರಿ. ಒಯ್ಯೂ ಮುಂದನ ನನಗ ಸಂಶೇ ಬಂದಿತ್ತು, ಈ ಮನಶಾ ಇದನ್ನ ಎಲ್ಲಿ ಹಾಕ್ತಾನೋ ಅಂತ."

ಮಾಮಾನ ಹಾರ್ಡ್‌ವೇರ್ ಅಂಗಡಿ ನಮ್ಮ ಶಹರದ ಇಬ್ರಾಹಿಂಪುರದಲ್ಲಿ, ರೈಲು ಹಳಿಯ ಹತ್ತಿರ. ಜೀವಮಾನವೆಲ್ಲ ಊರಿಗೆ ಬೀಗ ಮಾರಿದ ಮನುಷ್ಯ! ಅಂಗಡಿಯನ್ನು ಮಗನಿಗೆ ಒಪ್ಪಿಸಿ ಅಥಣಿ ರಸ್ತೆಯ ಮನೆಯಲ್ಲಿ ಸುಮ್ಮನೆ ಕೂಡಬೇಕೋ ಬೇಡವೋ? ಕೂಡಲಿಲ್ಲ. ಒಂದು ದಿನ ಟೀವಿಯಲ್ಲಿ, ಯಾವುದೋ ಶ್ರೀಮಂತ ದೇಶದವರು ಓದಿ ಬಿಟ್ಟ ಪುಸ್ತಕಗಳನ್ನು ಹಡಗಿನಲ್ಲಿ ತುಂಬಿ ಬಡ ದೇಶದ ಸಾಲೆಗಳಿಗೆ ಕಳಿಸುವುದನ್ನು ನೋಡಿದನಂತೆ.

"ಹಡಗ ಬೇಕಂತೋ ಅಳ್ಯಾ!" ಎಂದು ನನಗೆ ಫೋನು ಮಾಡಿದ. "ಇಲ್ಲಿಂದ ತಿಕೋಟಾಕ್ಕ ನನ್ನ ಸ್ಕೂಟರ್ ಸಾಲಂಗಿಲ್ಲೇನು?"

ಅವತ್ತಿನಿಂದ ಹೆಗಲ ಮೇಲೆ ಖಾಲಿ ಚೀಲ ಹಾಕಿಕೊಂಡು ಲೇಔಟಿನ ಮನೆಮನೆಯ ಬಾಗಿಲಲ್ಲಿ ನಿಂತ. ಮೊದಲ ಪ್ರಶ್ನೆ ಯಾವಾಗಲೂ ಒಂದೇ: "ನಿಮ್ಮ ಮನ್ಯಾಗ ಯಾರು ಓದತಾರ್ರಿ?" ಯಾರೂ ಓದುವುದಿಲ್ಲ ಎಂದರೆ ಖುಷಿ, ಚೀಲದ ಬಾಯಿ ಬಿಚ್ಚುತ್ತಿದ್ದ. ಜನ ಏನೇನು ಕೊಟ್ಟರು ಅಂತೀರಿ! ಹಳೆಯ ಪರೀಕ್ಷೆಗಳ ಗೈಡು, ವಿಮಾ ಏಜೆಂಟರು ಕೊಟ್ಟ ಡೈರಿ, ಫ್ರಿಜ್ಜಿನ ಜೊತೆ ಬಂದ ಪುಸ್ತಿಕೆ. ಒಬ್ಬ ಮಹನೀಯರು ಒಂದೇ ಒಂದು ಪುಸ್ತಕ ಹಿಡಿದು ಹೊರಗೆ ಬಂದು, ತಾವು ಅದನ್ನು ಕೊಡುವ ಫೋಟೋ ತೆಗೆಯಬೇಕು, ಸ್ಟೇಟಸ್ಸಿಗೆ ಹಾಕಬೇಕು ಎಂದರು.

"ಕೊಡೂ ಫೋಟೋ ಎಲ್ಲಾರೂ ಹಾಕ್ತಾರ್ರಿ," ಎಂದ ಮಾಮಾ. "ನೀವು ಓದೂದು ಹಾಕ್ರಿ. ಕುಂದರ್ರಿ ಹಿಂಗ. ಒಂದ ಪಾನ ಖರೇನ ಓದ್ರಿ, ಮಾರಿ ಮ್ಯಾಲ ಕಳಾ ಬರತೈತಿ."

ಮಹನೀಯರು ಕೂತರು, ಓದಿದರು. ನಾನು ಫೋಟೋ ತೆಗೆದು ಮುಗಿಸಿದರೂ ತಲೆ ಎತ್ತಲಿಲ್ಲ. ಕಡೆಗೆ ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡು, "ಇದೊಂದು ಇರಲಿ ಬಿಡ್ರಿ, ಛಲೋ ಐತಿ," ಎಂದು ಒಳಗೆ ಹೋಗಿಬಿಟ್ಟರು! ಖಾಲಿ ಚೀಲ ಹೊತ್ತ ಮಾಮಾ ಗೇಟಿನಲ್ಲಿ ನಿಂತು ನಕ್ಕಿದ್ದೇ ನಕ್ಕಿದ್ದು. "ಒಂದು ಲೈಬ್ರರಿ ಇಲ್ಲೂ ಆತು ನಡಿ."

ಸಾಲೆಗಳಿಗೆ ಅವನನ್ನು ಕಂಡರೆ ಭಯ. ಪುಸ್ತಕ ಕೊಟ್ಟು ಕೆಲವು ತಿಂಗಳಾದ ಮೇಲೆ ಸುಳಿವಿಲ್ಲದೆ ಬಂದು, "ಎಷ್ಟು ಕಳದಾವ್ರಿ?" ಎಂದು ಕೇಳುತ್ತಿದ್ದ. ಪಾಪ, ಮಾಸ್ತರರು ಎದೆ ಉಬ್ಬಿಸಿ, "ಒಂದೂ ಇಲ್ರಿ! ಇಟ್ಟಂಗ ಇಟ್ಟೇವಿ," ಎನ್ನುತ್ತಿದ್ದರು. ಮಾಮಾನ ಮುಖ ಗಂಟಿಕ್ಕುತ್ತಿತ್ತು.

"ಇಟ್ಟಂಗ ಇಡಾಕ ಇವೇನು ಉಪ್ಪಿನಕಾಯೇನ್ರಿ? ಒಂದಾರ ಪುಸ್ತಕ ಕದಿಬೇಕು ಅನಸವಲ್ದು ಅಂದ್ರ ನಿಮ್ಮ ಹುಡುಗ್ರಿಗೆ ಏನಾಗೇತಿ?"

ಪುಸ್ತಕ ಕಳೆದ ಸಾಲೆಯ ಗುರುಗಳಿಗೆ ಮಾತ್ರ ಪೇಢೆ. ಡಬ್ಬಿ ಸ್ಕೂಟರಿನಲ್ಲಿ ಸದಾ ಇರುತ್ತಿತ್ತು. ಈ ಸುದ್ದಿ ಹಬ್ಬಿ, ತಿಕೋಟಾ ಕಡೆಯ ಒಬ್ಬ ಮಾಸ್ತರರು ಮಾಮಾ ಒಳಗೆ ಬರುವುದೇ ತಡ, "ಭಾಳ ಕಳುವಾಗ್ಯಾವ್ರಿ!" ಎಂದು ಸಂಭ್ರಮದಿಂದ ಸಾರಿದರು.

"ಹೌದಾ? ಯಾವ್ಯಾವು?"

ಮಾಸ್ತರರು ಒಂದೂ ಬಿಡದೆ ಹೆಸರು ಹೇಳತೊಡಗಿದರು. ಮಾಮಾ ಕೈ ಅಡ್ಡ ಹಿಡಿದ. "ಸಾಕ ಬಿಡ್ರಿ. ಕಳುವಾದದ್ದು ಹಿಂಗ ಬಾಯಿಪಾಠ ಇರಂಗಿಲ್ಲ. ಎಲ್ಲಿ ಬಚ್ಚಿಟ್ಟೀರಿ, ತಗೀರಿ."

ಅಕ್ಕಿ ಚೀಲದ ಹಿಂದಿನಿಂದ ಎಲ್ಲವೂ ಹೊರಬಂದವು.

ನಗಬೇಡಿ, ಮಾಸ್ತರರ ಕಷ್ಟ ಅವರಿಗೆ. ಬೀಗ ಕಳೆದುಕೊಂಡ ಹೆಡ್‌ಮಾಸ್ತರರೂ ಅವತ್ತು ಅದನ್ನೇ ಹೇಳಿದರು: "ಪುಸ್ತಕ ಕಳದ್ರ ನನ್ನ ಪಗಾರದಾಗ ಹಿಡೀತಾರ್ರಿ." ಮಾಮಾ ಒಮ್ಮೆಲೇ ಮೆತ್ತಗಾದ. "ಸರಕಾರದ ಪುಸ್ತಕಕ್ಕ ಬೇಕಾದ್ರ ಕೀಲಿ ಹಾಕ್ರಿ. ಇವು ಮಂದಿ ಓದಿ ಬಿಟ್ಟದ್ದು. ಇವಕ್ಕ ಯಾರೂ ಲೆಕ್ಕ ಕೇಳಂಗಿಲ್ಲ. ಅದಕ್ಕ ನಾ ಹಳೇವು ತರೂದು." ಆಮೇಲೆ ಊಟ ಮುಗಿಸಿದ ಮಕ್ಕಳನ್ನು ಕರೆದು ತನ್ನ ಕಾನೂನು ಸಾರಿದ: "ಮನಿಗೆ ಒಯ್ರಿ. ಅವ್ವಗ ಕೊಡ್ರಿ, ಅಜ್ಜಗ ಕೊಡ್ರಿ. ಅರ್ಧ ಓದಿದ ಪುಸ್ತಕ ಯಾರು ಕೇಳಿದ್ರೂ ಮರಳಿ ಕೊಡಬ್ಯಾಡ್ರಿ. ನಿಮ್ಮ ಗುರುಗಳು ಕೇಳಲಿ, ನಾನ ಬಂದು ಕೇಳಲಿ, ಓದಿ ಮುಗಿಯೂತನ ಅದು ನಿಮ್ಮದು!"

ಇಷ್ಟೆಲ್ಲ ಮಾಡಿದವನು ಒಂದು ತಪ್ಪು ಮಾಡಿದ. ವ್ಯಾಪಾರಿಯ ತಪ್ಪು. ಅರ್ಧ ತುಂಬಿದ ಚೀಲವನ್ನು ಅವನು ಮನೆಯಿಂದ ಹೊರಗೆ ಕಳಿಸುವವನಲ್ಲ, ಬರಕತ್ತು, ಅಂದರೆ ಏಳಿಗೆ, ಹೋಗುತ್ತದಂತೆ. ಆ ಸಲ ಚೀಲದ ಬಾಯಲ್ಲಿ ಸ್ವಲ್ಪ ಜಾಗ ಉಳಿಯಿತು. ಮನೆಯೆಲ್ಲ ಹುಡುಕಿ, ಕಡೆಗೆ ಅತ್ತಿಯ ಟ್ರಂಕಿನ ತಳದಲ್ಲಿ, ಹಳೆಯ ಕುಪ್ಪಸದ ಬಟ್ಟೆಯಲ್ಲಿ ಸುತ್ತಿದ್ದ ಕೆಂಪು ರಟ್ಟಿನ ಪುಸ್ತಕ ಸಿಕ್ಕಿತು. ಅತ್ತಿ ಎಂದರೆ ಅವನ ಹೆಂಡತಿ. ಪುಸ್ತಕವನ್ನು ಚೀಲಕ್ಕೆ ತುರುಕಿದ, ಬಾಯಿ ಹೊಲಿದ, ಬೀಗ ಕದ್ದ ಅದೇ ಸಾಲೆಗೆ ಮುಟ್ಟಿಸಿ ಬಂದ.

ಕೆಲವು ದಿನಗಳ ಮೇಲೆ ನನಗೆ ಫೋನು.

"ಅಳ್ಯಾ, ಲಗೂನ ಬಾ. ನಿಮ್ಮತ್ತಿ ನನಗ ಬೈಯವಲ್ಲಳು."

"ಒಳ್ಳೇದಾತಲ್ಲ ಮಾಮಾ!"

"ಒಳ್ಳೇದೇನ ಬಂತೋ! ಮಾತ ಇಲ್ಲ, ಕತಿ ಇಲ್ಲ. ಜೀವ ಹೊಡಕೊಳ್ಳಾಕತ್ತೈತಿ."

ನಿಜಕ್ಕೂ ಗಾಬರಿಯ ವಿಷಯವೇ. ಅತ್ತಿ ದಿನಾ ಬೈಯುತ್ತಿದ್ದಳು. ಧೂಳಿಗೆ, ಜಿರಲೆಗೆ, ಪಡಸಾಲೆಯ ಚೀಲಗಳಿಗೆ. "ಈ ರದ್ದಿ ಒಳಗ ನನ್ನೂ ಒಂದು ದಿನ ಕಟ್ಟಿ ಕಳಸ್ತಾರ ನೋಡು," ಎಂದು ನನಗೆ ಕೇಳುವಂತೆ ಅನ್ನುತ್ತಿದ್ದಳು. ಈಗ ರೊಟ್ಟಿ ಬಡಿಯುತ್ತಾಳೆ, ಪಲ್ಯ ಬಡಿಸುತ್ತಾಳೆ, ತಂಬಿಗೆಯಲ್ಲಿ ನೀರು ಇಡುತ್ತಾಳೆ, ಮಾತಿಲ್ಲ. ತಾನು ಟ್ರಂಕು ತೆರೆದು ನೋಡಿದ ದಿನ ಒಂದೇ ಮಾತು ಹೇಳಿದಳಂತೆ: "ಅದು ನಂದು ಇತ್ತು."

ನನ್ನ ಕಾರಿನಲ್ಲಿ ಮೂವರೂ ಹೊರಟೆವು. ಗುರುತು ಹಿಡಿಯಲು ನೀನೂ ಬೇಕು ಎಂದು ಮಾಮಾ ಅತ್ತಿಯನ್ನು ಹೇಗೋ ಒಪ್ಪಿಸಿದ್ದ. ದಾರಿಯುದ್ದಕ್ಕೂ ಅವಳು ಕಿಟಕಿಯ ಕಡೆ ಮುಖ ಮಾಡಿದ್ದಳು. ಆ ಪುಸ್ತಕ ಏನು ಎಂದು ನಾನು ಕೇಳಿದ್ದಕ್ಕೆ, ತಿಕೋಟಾದ ಸಾಲೆಯಲ್ಲಿ ಏಳನೆಯ ಇಯತ್ತೆಯಲ್ಲಿ ಬಂದ ಬಹುಮಾನ ಎಂದಷ್ಟೇ ಹೇಳಿದಳು. ಹೇಳಿದ್ದು ನನಗೆ, ಮಾಮಾನಿಗಲ್ಲ.

ಸಾಲೆಯಲ್ಲಿ ಹೆಡ್‌ಮಾಸ್ತರರು ಓಡಿ ಬಂದರು. "ಸಾವಕಾರ್ರ, ಖುಷಿ ಸುದ್ದಿ! ಹ್ವಾದ ಸಲ ತಂದ್ರಲ್ಲ, ಅದರಾಗಿಂದು ಒಂದು ಆಗಲೇ ಕಳದೈತಿ!"

"ಯಾವುದ್ರಿ?"

"ಕೆಂಪು ರಟ್ಟಿಂದು."

ಮಾಮಾ ಬೆಂಚಿನ ಮೇಲೆ ಕುಸಿದು ಕೂತ. ಗುರುಗಳು ಪೇಢೆಗಾಗಿ ಕೈ ಚಾಚಿಯೇ ಇದ್ದರು.

ಅದು ಯಾರ ಮನೆಯಲ್ಲಿದೆ ಎಂದು ಕೇಳಿದರೆ ಇಡೀ ವರ್ಗವೇ ಕೂಗಿ ಹೇಳಿತು. ಕಳ್ಳತನ ಇಷ್ಟು ಬಹಿರಂಗವಾಗಿ ನಡೆಯುವ ಊರನ್ನು ನಾನು ಬೇರೆ ಕಂಡಿಲ್ಲ! ಐದನೆಯ ಇಯತ್ತೆಯ ಒಬ್ಬ ಹುಡುಗಿ ಒಯ್ದಿದ್ದಳು. ಅವಳ ತಾಯಿ ನೀಲವ್ವ ಓದುತ್ತಿದ್ದಳು.

ನೀಲವ್ವ ತನ್ನ ಮನೆಯ ಕಟ್ಟೆಯ ಮೇಲೆ ಮೊರದಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದಳು. ಪಕ್ಕದಲ್ಲಿ ಕೆಂಪು ಪುಸ್ತಕ ತೆರೆದಿತ್ತು. ಪುಟ ಹಾರದಂತೆ ಮೇಲೊಂದು ಉಪ್ಪಿನ ಡಬ್ಬಿ. ಆಚೆ ಬದಿಗೆ ಅವಳ ಗಂಡನ ತಾಯಿ ಮಲ್ಲವ್ವಾಯಿ ಗೋಡೆಗೆ ಒರಗಿದ್ದಳು. ನಾನು ಅಂಗಳದ ಬೇವಿನ ಗಿಡದ ಕೆಳಗೆ ನಿಂತೆ. ಅತ್ತಿ ಕಾರಿನ ಹತ್ತಿರವೇ ಉಳಿದಳು.

"ತಂಗೀ," ಎಂದ ಮಾಮಾ. ಅಷ್ಟು ಸಣ್ಣ ದನಿಯನ್ನು ನಾನು ಅವನ ಬಾಯಿಂದ ಕೇಳಿರಲಿಲ್ಲ. "ಆ ಪುಸ್ತಕ ಕೊಡ್ತೀಯೇನವಾ? ಅದು ನಮ್ಮ ಮನೀದು, ತಪ್ಪಿ ಬಂದೈತಿ."

"ಇನ್ನಾ ಓದಿ ಆಗಿಲ್ರಿ ಅಣ್ಣಾರ."

"ಅದು ಖರೆ, ಆದ್ರ..."

"ಅರ್ಧ ಓದಿದ್ದು ಯಾರು ಕೇಳಿದ್ರೂ ಕೊಡಬಾರದಂತ್ರಿ. ಯಾರೋ ಸಾವಕಾರ್ರು ಬಂದು ಸಾಲ್ಯಾಗ ಹೇಳಿ ಹೋಗ್ಯಾರ, ನನ್ನ ಮಗಳು ದಿನಾ ಹೇಳ್ತಾಳ. ಸ್ವತಾ ಅವರ ಬಂದು ಕೇಳಿದ್ರೂ ಕೊಡಬಾರದಂತ."

ಮಾಮಾ ನನ್ನನ್ನು ನೋಡಿದ. ನಾನು ಬೇವಿನ ಗಿಡ ನೋಡಿದೆ. ಆ ಸಾವಕಾರ ತಾನೇ ಎಂದು ಮಾಮಾ ಹೇಳಲಿಲ್ಲ. ಹೇಳಿದರೆ ಇನ್ನೂ ಕೊಡುವುದಿಲ್ಲವಲ್ಲ!

ಅಷ್ಟರಲ್ಲಿ ಅತ್ತಿ ನಿಧಾನವಾಗಿ ನಡೆದು ಬಂದಳು. ಮಾಮಾನನ್ನು ದಾಟಿ ಕಟ್ಟೆಯ ಹತ್ತಿರ ನಿಂತಳು.

"ಎಲ್ಲೀತನ ಓದೀದಿ ತಂಗೀ?"

"ಅರ್ಧ ಆತ್ರಿ ಅಕ್ಕಾರ. ನೀವು ಓದೀರೇನು?"

"ಪೂರಾ ಇಲ್ಲ. ಹೊಳಿ ಎಲ್ಲಿ ಹುಟ್ಟತೈತಿ ನೋಡತೇನಿ ಅಂತ ಒಂದು ಹುಡುಗಿ ಹೊಂಟಿರ್ತಾಳಲ್ಲ, ನಡು ಹೊಳ್ಯಾಗ ದೋಣಿ ಅಂಬಿಗಗ ನಿದ್ದಿ ಹತ್ತತೈತಿ. ಅಲ್ಲೀತನ ಓದಿದ್ದೆ. ಅಷ್ಟರಾಗ ನನ್ನ ಲಗ್ನ ಮಾಡಿದ್ರು. ಆಮ್ಯಾಲೆ ಅತ್ತಿಮನಿ, ಆಮ್ಯಾಲೆ ಹುಡುಗ್ರು, ಆಮ್ಯಾಲೆ ತಗದು ಓದಾಕ ನಾಚಿಕಿ." ಅತ್ತಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು. "ನಲವತ್ತು ವರ್ಷ ಆತು. ಆಕಿ ಇನ್ನಾ ಆ ದೋಣ್ಯಾಗ ಕುಂತಾಳ."

"ಇಲ್ರೀ ಅಕ್ಕಾರ!" ನೀಲವ್ವ ಮೊರ ಕೆಳಗಿಟ್ಟಳು. "ಆಕಿ ದಂಡಿ ಮುಟ್ಯಾಳ! ನಿನ್ನೆ ಓದೇನಿ ನಾ."

"ಮುಟ್ಟಿದಳಾ? ಅಂಬಿಗ ಎದ್ದನೇನು?"

"ಎಲ್ಲಿ ಏಳ್ತಾನ್ರಿ! ಆಕಿ ಅವನ್ನ ಎಬ್ಬಸಲೇ ಇಲ್ಲ. ತಾನ ಹುಟ್ಟು ಹಾಕಿದಳು."

ಅತ್ತಿ ಕಟ್ಟೆಯ ಮೇಲೆ ಕೂತುಬಿಟ್ಟಳು. ನಾನು ಮಾಮಾನ ಮುಖವನ್ನು ನೋಡುತ್ತಿದ್ದೆ. ಪ್ರತಿಯೊಂದು ಮನೆಯ ಬಾಗಿಲಲ್ಲಿ ನಿಂತು ಯಾರು ಓದುತ್ತಾರೆ ಎಂದು ಕೇಳಿದವನು. ಒಂದು ಬಾಗಿಲು ಬಿಟ್ಟುಹೋಗಿತ್ತು.

"ಮುಂದ ಓದು ತಂಗೀ," ಎಂದಳು ಅತ್ತಿ. "ನಾ ಚಷ್ಮಾ ತಂದಿಲ್ಲ."

ನೀಲವ್ವ ಪುಸ್ತಕ ತೊಡೆಯ ಮೇಲಿಟ್ಟುಕೊಂಡು, ಸಾಲಿನ ಕೆಳಗೆ ಬೆರಳು ಎಳೆಯುತ್ತ ಓದಲು ಶುರು ಮಾಡಿದಳು. ಒಂದು ಪುಟವಾಗಿರಬಹುದು. ನಿಲ್ಲಿಸಿ, "ಅಯ್ಯ, ಬಂದೋರಿಗೆ ಚಾ ಸುದ್ದಾ ಕೇಳಲಿಲ್ಲ ನಾ," ಎಂದು ಎದ್ದಳು. ಮನೆಗೆ ಬಂದವರನ್ನು ಹಾಗೇ ಕಳಿಸುವ ಪದ್ಧತಿ ನಮ್ಮ ಕಡೆ ಎಲ್ಲಿದೆ?

"ನೀ ಕುಂದರವಾ," ಎಂದ ಮಾಮಾ. "ನೀ ಓದು. ಚಾ ನಾ ಮಾಡ್ತೇನಿ."

ಇಲ್ಲಿ ನಾನು ತುಸು ನಿಲ್ಲಬೇಕು. ಈ ಮನುಷ್ಯ ತನ್ನ ಮನೆಯಲ್ಲಿ ನೀರು ಬೇಕಾದರೂ ತಂಬಿಗೆಯತ್ತ ಕೈ ತೋರಿಸುವವನು. ಅವನು ಚಪ್ಪಲಿ ಬಿಟ್ಟು, ತಲೆ ಬಾಗಿಸಿ, ಗುರುತಿಲ್ಲದವರ ಅಡುಗೆಮನೆಗೆ ಹೋದ. ಒಳಗಿನಿಂದ ಡಬ್ಬಿ ಬಿದ್ದ ಸದ್ದು ಬಂತು. ಆಮೇಲೆ ಲೈಟರಿನ ಟಕ್ ಟಕ್. ಜೀವಮಾನವಿಡೀ ಲೈಟರು ಮಾರಿದವನಿಗೆ ಗ್ಯಾಸು ಹೊತ್ತಿಸಲು ಬರಲಿಲ್ಲ! "ಮೊದಲು ತಿರುವಬೇಕೋ, ಮೊದಲು ಒತ್ತಬೇಕೋ?" ಎಂದು ಕೂಗಿ ಕೇಳಿದ.

ಮಲ್ಲವ್ವಾಯಿ ಕುತ್ತಿಗೆ ಚಾಚಿ ಒಳಗೆ ನೋಡಿ, "ಯಪ್ಪಾ! ಗಂಡಸು ಒಲಿ ಮುಂದ ನಿಂತಾನ. ಈ ವರ್ಷ ಮಳಿ ಗ್ಯಾರಂಟಿ ಇಲ್ಲ," ಎಂದಳು.

ಚಹಾ ಬಂತು. ನಾನು ಒಂದು ಗುಟುಕು ಕುಡಿದು ಬಟ್ಟಲನ್ನು ಗಿಡದ ಬುಡಕ್ಕೆ ಸರಿಸಿದೆ. ಅದು ಚಹಾ ಅಲ್ಲ, ಪಾಕ. ಹೋಳಿಗೆಗೆ ಹಚ್ಚಬಹುದಿತ್ತು. ಅತ್ತಿ ಪುಸ್ತಕದಿಂದ ಕಣ್ಣು ತೆಗೆಯದೆ ಒಂದು ಗುಟುಕು ಕುಡಿದಳು.

"ಮಂದಿ ಮನಿ ಸಕ್ಕರಿ ಅಂತ ಹಿಂಗ ಸುರೀತಾರೇನ್ರಿ? ಬುದ್ಧಿ ಎಲ್ಲಿ ಇಟ್ಟೀರಿ?"

ಬೈದಳು! ಮಾಮಾ ಬಾಗಿಲ ಚೌಕಟ್ಟು ಹಿಡಿದು ನಿಂತ. ಅವನ ಕಣ್ಣು ತುಂಬಿದ್ದವು. ಹೊಗೆಯಿಂದ ಎನ್ನಲು ಅದು ಗ್ಯಾಸಿನ ಒಲೆ.

ಪುಸ್ತಕ ಅವತ್ತು ಮುಗಿಯಲಿಲ್ಲ. ಅತ್ತಿ ಮತ್ತೆ ಮತ್ತೆ ಹೋದಳು, ನೀಲವ್ವನೂ ಅವಳೂ ಕೂಡಿ ಮುಗಿಸಿದರು. ಅತ್ತಿ ಅದನ್ನು ಮರಳಿ ತರಲಿಲ್ಲ. ಈಗ ಆ ಊರಿನ ಯಾವ ಮನೆಯಲ್ಲಿದೆಯೋ ನನಗೆ ತಿಳಿಯದು. ಮುಂದಿನ ಚಳಿಗಾಲದಲ್ಲಿ ಮಾಮಾ ಹೋದ. ಮಲಗಿದಲ್ಲೇ ಹೋದ. ಮಾತಾಡಿಸಲು ಬಂದ ಬಳಗದವರಿಗೆ ನಾನು ಈ ಚಹಾದ ಸಂಗತಿ ಹೇಳಿದೆ. ಯಾರೂ ನಂಬಲಿಲ್ಲ. "ಅವನೇನು, ಚಾ ಮಾಡೂದೇನು!" ಎಂದು ಆ ದುಃಖದಲ್ಲೂ ನಕ್ಕರು.

ಅದಕ್ಕಾಗಿ ಬರೆದಿಡುತ್ತಿದ್ದೇನೆ. ಕಂಡವರು ಇನ್ನೂ ಇದ್ದೇವೆ. ಬೇವಿನ ಗಿಡದ ಕೆಳಗೆ ನಿಂತಿದ್ದ ನಾನು. ಬೆರಳು ಸಾಲಿನ ಮೇಲಿಟ್ಟು ತಲೆ ಎತ್ತಿ ನೋಡಿದ ನೀಲವ್ವ. ಮಲ್ಲವ್ವಾಯಿ, ಕಿವಿ ಈಗ ಪೂರ್ತಿ ಹೋಗಿವೆ, ಕಣ್ಣು ಚೆನ್ನಾಗಿವೆ. ಮತ್ತು ನಮ್ಮ ಅತ್ತಿ. ಆ ಚಹಾವನ್ನು ತಳದ ತನಕ ಕುಡಿದವಳು ಅವಳೊಬ್ಬಳೇ.