ಪಕ್ಕದ ಸೀಟಿಗೆ ಆದಿತಾಳ

ನವೆಂಬರ್ ಹದಿನಾಲ್ಕು, ಗುರುವಾರ, ಸಂಜೆ ಆರು ಗಂಟೆ. ಸಂಗೀತ ಕಛೇರಿ ಆರಕ್ಕೇ ಶುರುವಾಯಿತು. ಈ ಊರಿನಲ್ಲಿ ಸಾವು ಕೂಡ ಮೊದಲೇ ಸಮಯ ಗೊತ್ತುಮಾಡಿಕೊಂಡು ಬರುತ್ತದೇನೋ. ಲೆಕ್ಕ ಇಡುವವನಿಗೆ ಸಂಗೀತ ಹತ್ತುವುದಿಲ್ಲ ಎಂಬುದಕ್ಕೆ ನನ್ನ ಡೈರಿಯೇ ಸಾಕ್ಷಿ. ಗೋಥೆನ್‌ಬರ್ಗಿಗೆ ಬಂದ ಮೇಲೆ ನಾನು ಕೇಳಿದ ಹನ್ನೊಂದನೆಯ ಸಿಂಫನಿ ಇದು. ಇದುವರೆಗೆ ತಪ್ಪು ಜಾಗದಲ್ಲಿ ಚಪ್ಪಾಳೆ ತಟ್ಟಿದ್ದು ನಾಲ್ಕು ಸಲ, ನಿದ್ದೆ ಹೋದದ್ದು ಮೂರು ಸಲ, ನಿದ್ದೆಯಿಂದೆದ್ದು ಗಾಬರಿಯಲ್ಲಿ ಚಪ್ಪಾಳೆ ತಟ್ಟಿದ್ದು ಒಂದು ಸಲ.

ನನ್ನ ಬಲಗಡೆಯ ಸೀಟಿನಲ್ಲಿ ಕೂರುವವರು ಮಾರ್ಗರೇತಾ, ಎಂಬತ್ತು ದಾಟಿದ ವಿಧವೆ. ನಾನು ಕೂರುವುದು ಅವರ ಗಂಡ ವರ್ಷವಿಡೀ ಕಾಯ್ದಿರಿಸುತ್ತಿದ್ದ ಸೀಟಿನಲ್ಲಿ. ಆತ ತೀರಿಕೊಂಡದ್ದರಿಂದಲೇ ಅದು ನನಗೆ ಸಿಕ್ಕಿತು. ಹಾಗಾಗಿ ಪ್ರತಿ ಸಲವೂ ಸ್ವಲ್ಪ ಅಂಜುತ್ತಲೇ ಕೂರುತ್ತೇನೆ. ಎಡಗಡೆ ಸಹೋದ್ಯೋಗಿ ನವೀನ. ಚಿಕ್ಕಂದಿನಲ್ಲಿ ನಾನು ಎಂಟು ತಿಂಗಳು ಸಂಗೀತ ಕಲಿತಿದ್ದೆ. ಪಾಠ ಮರೆತುಹೋಯಿತು, ತೊಡೆಯ ಮೇಲೆ ತಾಳ ಹಾಕುವ ಚಟ ಉಳಿಯಿತು. ಕಳೆದ ಕಛೇರಿಯಲ್ಲಿ ನವೀನ ಕಿವಿಯಲ್ಲಿ ಉಸುರಿದ: “ಮಗಾ, ತೊಡೆ ಮೇಲೆ ಅಕ್ಕಿರೊಟ್ಟಿ ತಟ್ತಿದೀಯಾ? ಪಕ್ಕದ ಅಜ್ಜಿ ನಿನ್ ಕೈನೇ ನೋಡ್ತಿದಾರೆ. ಕಂಪ್ಲೇಂಟ್ ಕೊಡ್ತಾರೆ, ಬೇಕಿದ್ರೆ ನೋಡ್ತಿರು.”

ಆದ್ದರಿಂದ ಇವತ್ತು ಎರಡೂ ಕೈಗಳನ್ನು ತೊಡೆಯ ಕೆಳಗೆ ಹೂತು ಕೂತೆ. ಮಾರ್ಗರೇತಾ ನನ್ನ ಮಡಿಲಿನತ್ತ ಹದಿನಾಲ್ಕು ಸಲ ನೋಡಿದರು. ಆಮೇಲೆ ನೋಡುವುದನ್ನೇ ಬಿಟ್ಟು, ಬಸ್ಸು ತಪ್ಪಿದವರಂತೆ ಸುಮ್ಮನೆ ಕೂತರು. ವಿರಾಮದಲ್ಲಿ ಕಾಫಿ ಹಿಡಿದು ಬಂದು, “ನಿನ್ನ ಕೈಗೆ ಏನಾಯಿತು?” ಎಂದರು.

ನಾನು ಕ್ಷಮೆ ಕೇಳಿದೆ, ಇನ್ನು ಮುಂದೆ ಅಲ್ಲಾಡಿಸುವುದಿಲ್ಲ ಎಂದೂ ಸೇರಿಸಿದೆ.

“ಅಯ್ಯೋ, ಅಲ್ಲಾಡಿಸು. ನನಗೆ ಪಿಟೀಲು ಕೇಳಿಸದೆ ವರ್ಷವಾಯಿತು. ದೊಡ್ಡ ಡ್ರಮ್ಮು ಮಾತ್ರ ಎದೆಗೆ ತಾಕುತ್ತದೆ. ವೇದಿಕೆಯವರೆಗೆ ಕಣ್ಣೂ ಹೋಗುವುದಿಲ್ಲ. ನಿನ್ನ ಕೈ ನೋಡಿಕೊಂಡು, ಗೊತ್ತಿರುವ ಸಂಗೀತವನ್ನು ಒಳಗೇ ನುಡಿಸಿಕೊಳ್ಳುತ್ತೇನೆ. ಈ ಸೀಸನ್ನಿನಲ್ಲಿ ಇನ್ನು ಮೂರು ಕಛೇರಿ ಉಳಿದಿವೆ. ಮುಂದಿನ ವರ್ಷಕ್ಕೆ ನಾನು ಟಿಕೆಟ್ ತೆಗೆಯುವುದಿಲ್ಲ.”

ಅವರಿಗೆ ಹೇಳಲಾಗದ ಸತ್ಯವೊಂದಿತ್ತು: ನನಗೆ ಬರುವುದು ಆದಿತಾಳ ಒಂದೇ. ಹತ್ತು ಸಿಂಫನಿಗಳಿಗೂ, ಅವು ಓಡಲಿ ತೆವಳಲಿ, ನಾನು ಹಾಕಿದ್ದು ಅದೇ ಎಂಟೆಣಿಕೆ. ಆ ಮುದುಕಿ ತಮ್ಮ ಕೊನೆಯ ಸಂಗೀತವನ್ನು ನಂಬಿ ಒಪ್ಪಿಸಿದ್ದು ಎಂಟು ತಿಂಗಳಲ್ಲಿ ಪಾಠ ಬಿಟ್ಟವನ ಬಲಗೈಗೆ.

ವಿರಾಮದ ನಂತರ ಕೈ ಹೊರಗೆ ತೆಗೆದೆ. ಒಂದು ತಟ್ಟು, ಮೂರು ಬೆರಳು, ತಟ್ಟಿ ಹೊರಳಿಸು, ತಟ್ಟಿ ಹೊರಳಿಸು. ಮಾರ್ಗರೇತಾ ಅವರ ಮುಖ ಅರಳಿತು. ಕೊನೆಯ ಭಾಗದಲ್ಲಿ ವಾದ್ಯಗಳು ನಿಧಾನವಾಗುತ್ತ ಬಂದು, ನಾನು ಐದನೆಯ ಎಣಿಕೆಯಲ್ಲಿರುವಾಗ ನಿಂತೇಬಿಟ್ಟವು.

“ಮುಗೀತು ಕಣೋ, ನಿಲ್ಸೋ!” ಎಂದ ನವೀನ.

ಹೇಗೆ ನಿಲ್ಲಿಸಲಿ? ಎಂಟರ ಆವರ್ತ ಮುಗಿಯದೆ ತಾಳ ಬಿಟ್ಟರೆ ನಮ್ಮ ಸಂಗೀತದ ಮೇಷ್ಟ್ರು ಮೊಣಕೈಗೆ ಹೊಡೆಯುತ್ತಿದ್ದರು. ಆರು, ಏಳು. ಮುಂದಿನ ಸಾಲಿನವರು ಚಪ್ಪಾಳೆ ಶುರುಮಾಡಿದರು. ಮಾರ್ಗರೇತಾ ನನ್ನ ಕೈಯಿಂದ ಕಣ್ಣು ತೆಗೆಯದೆ, ತುಟಿಯ ಮೇಲೆ ಬೆರಳಿಟ್ಟು ಅವರೆಲ್ಲರನ್ನೂ ಗದರಿಸಿದರು: “ಶ್!”

ನಿಧಾನವಾಗುತ್ತ ಸಾಯುವ ಸಂಗೀತಕ್ಕೆ ತಾಳವನ್ನು ಯಾವ ಎಣಿಕೆಯಲ್ಲಿ ಬಿಡಬೇಕೆಂದು ಬಲ್ಲವರು ದಯವಿಟ್ಟು ನನಗೆ ಬರೆಯಿರಿ. ಮಾರ್ಗರೇತಾ ಅವರಿಗೆ ಮಾತ್ರ ತಿಳಿಸಬೇಡಿ. ಇವತ್ತಿನ ಮುಕ್ತಾಯ ಎಲ್ಲಕ್ಕಿಂತ ಚೆನ್ನಾಗಿತ್ತು ಎನ್ನುತ್ತಲೇ ಅವರು ಟ್ರ್ಯಾಮ್ ಹತ್ತಿದರು.